ಸಮರಭೂಮಿಯಿಂದ ಬಂದ ರಾವುತರ ಓಲೆಗಳು

ನಮ್ಮ ನಾಡಿನಲ್ಲಿ ವೀರಗಲ್ಲಿಲ್ಲದ ಊರು ವಿರಳ. ಊರ ಮುಂದಿನ ಆಲದ ಮರದ ಬುಡದಲ್ಲಿಯೋ, ಕೆರೆಯ ಏರಿಯ ಮೇಲೆಯೋ, ಹಾಳು ಗುಡಿಯ ಅಂಗಳದಲ್ಲಿಯೋ ಒಂದಾದರೂ ನಿಂತಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುವ ವೀರನನ್ನೂ, ನಡುವಣ ಪಟ್ಟಿಕೆಯಲ್ಲಿ ಅವನನ್ನು ಕರೆದೊಯ್ಯುವ ಸುರಾಂಗನೆಯರನ್ನೂ, ಮೇಲಣ ಪಟ್ಟಿಕೆಯಲ್ಲಿ ಶಿವಲಿಂಗದ ಸನ್ನಿಧಿಯನ್ನು ಸೇರಿದ ಅವನ ರೂಪವನ್ನೂ ಶಿಲ್ಪಿಯು ಕಂಡರಿಸಿರುತ್ತಾನೆ. ಎಷ್ಟೋ ಕಲ್ಲುಗಳಲ್ಲಿ ಆ ವೀರನು ಕುದುರೆಯನ್ನೇರಿದ ರಾವುತನು. ಅವನು ಯಾವ ದೊರೆಯ ಕಾಲದಲ್ಲಿ ಕಾದಿದನು, ಯಾವ ತುರುಗಳನ್ನು ಮರಳಿಸಿದನು, ಹೇಗೆ ಮಡಿದನು ಎಂಬುದನ್ನು ಕಲ್ಲು ಹೇಳುತ್ತದೆ. ಆದರೆ ಕಾಳಗದ ಹಿಂದಿನ ರಾತ್ರಿ ಅವನ ಮನಸ್ಸಿನಲ್ಲಿ ಏನಿದ್ದಿತು, ತಾಯಿಗೆ ಏನನ್ನು ಹೇಳಿ ಕಳುಹಿಸಬೇಕೆಂದಿದ್ದನು, ಮಡದಿಗೆ ಏನನ್ನು ಹೇಳಲಾರದೆ ಹೋದನು ಎಂಬುದನ್ನು ಆ ಕಲ್ಲು ಹೇಳುವುದಿಲ್ಲ. ಶಾಸನಗಳು ದೊರೆಗಳ ಬಾಯಿ. ವೀರಗಲ್ಲುಗಳು ಊರಿನ ಬಾಯಿ. ಯೋಧನ ಸ್ವಂತ ಬಾಯಿ ಎಲ್ಲಿದೆ?

ಮಹೋತ್ಸವದ ಈ ಸ್ಮರಣ ಸಂಪುಟಕ್ಕೆ ಇತಿಹಾಸದ ವಿಷಯವೊಂದನ್ನು ಬರೆದುಕೊಡಬೇಕೆಂದು ಪೂಜ್ಯ ಶ್ರೀಗಳವರ ಅಪ್ಪಣೆಯಾದಾಗ, ಬಹುದಿನಗಳಿಂದ ಮನಸ್ಸಿನಲ್ಲಿದ್ದ ಈ ಪ್ರಶ್ನೆಯೇ ನನಗೆ ಮೊದಲು ನೆನಪಿಗೆ ಬಂದಿತು. ಇದಕ್ಕೆ ಉತ್ತರವಾಗಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸು ದೇಶದ ರಣಾಂಗಣದಿಂದ ಭಾರತದ ರಾವುತರು ತಮ್ಮ ಮನೆಗಳಿಗೆ ಬರೆಯಿಸಿದ ಓಲೆಗಳ ವೃತ್ತಾಂತವನ್ನು ಸದ್ಭಕ್ತರ ಮುಂದಿಡುತ್ತೇನೆ. ವಿಷಯವು ದೂರದೇಶದ್ದೆಂದು ತೋರಬಹುದು. ಮಗನ ಕಾಗದಕ್ಕಾಗಿ ಕಾದು ಕುಳಿತ ತಾಯಿ ಯಾವ ದೇಶಕ್ಕೂ ದೂರದವಳಲ್ಲ.

ಕಡಲನ್ನು ದಾಟಿದ ದಂಡು

ಕ್ರಿ.ಶ. 1914ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಯುರೋಪಿನಲ್ಲಿ ಮಹಾಯುದ್ಧವು ಪ್ರಾರಂಭವಾಯಿತು. ಇಂಗ್ಲೆಂಡಿನ ಸಣ್ಣ ಸೈನ್ಯವು ಜರ್ಮನಿಯ ಪ್ರವಾಹವನ್ನು ತಡೆಯಲು ಸಾಲದೆ ಹೋದುದರಿಂದ ಭಾರತದ ಸೇನೆಗೆ ಕರೆ ಬಂದಿತು. ಸೆಪ್ಟೆಂಬರ್ ಕಡೆಯಲ್ಲಿ ಲಾಹೋರ್ ಮತ್ತು ಮೀರತ್ ಎಂಬ ಎರಡು ಕಾಲಾಳು ವಿಭಾಗಗಳ ಮೊದಲ ಹಡಗುಗಳು ಮಾರ್ಸೇಲ್ಸ್ ಬಂದರನ್ನು ಮುಟ್ಟಿದವು. ಅವುಗಳ ಹಿಂದೆಯೇ ಎರಡು ತುರಂಗ ವಿಭಾಗಗಳು ಬಂದವು. ಯುದ್ಧದ ಅವಧಿಯಲ್ಲಿ ಫ್ರಾನ್ಸಿಗೆ ಹೋದ ಭಾರತೀಯರು, ಯೋಧರೂ ಕೆಲಸಗಾರರೂ ಸೇರಿ, ಸುಮಾರು 1,40,000 ಮಂದಿ. ಕಾಲಾಳುಗಳ ಬಹುಭಾಗವನ್ನು 1915ರ ಕಡೆಯಲ್ಲಿ ಮೆಸೊಪೊಟೇಮಿಯಕ್ಕೆ ಸಾಗಿಸಿದರು. ರಾವುತರಾದರೋ 1918ರ ಆರಂಭದವರೆಗೂ ಆ ಚಳಿಯ ನಾಡಿನಲ್ಲಿಯೇ ಉಳಿದರು. ಆದುದರಿಂದ ಎಲ್ಲರಿಗಿಂತ ಹೆಚ್ಚು ಕಾಲ ಅಲ್ಲಿಂದ ಮನೆಗೆ ಕಾಗದ ಬರೆದವರು ಕುದುರೆಯ ದಂಡಿನವರೇ.

ಈ ರಾವುತರು ಬಹುಮಟ್ಟಿಗೆ ಪಂಜಾಬ, ರಾಜಸ್ಥಾನ ಮೊದಲಾದ ಉತ್ತರ ಪ್ರಾಂತ್ಯಗಳ ಒಕ್ಕಲು ಮನೆತನದವರು. ಸಿಖ್ಖರು, ಜಾಟರು, ರಜಪೂತರು, ಪಂಜಾಬಿ ಮುಸಲ್ಮಾನರು, ಪಠಾಣರು ಅವರಲ್ಲಿದ್ದರು. ಆ ಕಾಲದ ಭಾರತೀಯ ತುರಂಗ ಪಡೆಗಳಲ್ಲಿ ಹೆಚ್ಚಿನವು ‘ಸಿಲ್ಲೇದಾರಿ’ ಪದ್ಧತಿಯವು. ಅದೇನೆಂದರೆ, ದಂಡಿಗೆ ಸೇರುವವನು ತನ್ನ ಕುದುರೆಯನ್ನೂ ಸಲಕರಣೆಗಳನ್ನೂ ತಾನೇ ಒದಗಿಸಿಕೊಳ್ಳಬೇಕು, ಇಲ್ಲವೆ ಅವುಗಳ ಬೆಲೆಯನ್ನು ಪಡೆಯ ಬೊಕ್ಕಸಕ್ಕೆ ಕಟ್ಟಬೇಕು. ಸರ್ಕಾರವು ಅದಕ್ಕೆ ತಕ್ಕಂತೆ ಹೆಚ್ಚಿನ ಸಂಬಳ ಕೊಡುವುದು. ಕಾಲಾಳು ಸಿಪಾಯಿಗೆ ಆಗ ತಿಂಗಳಿಗೆ 11 ರೂಪಾಯಿ ಸಂಬಳ; ರಾವುತನಿಗೆ ಅದಕ್ಕಿಂತ ಮಿಗಿಲು ದೊರೆಯುತ್ತಿದ್ದರೂ ತನ್ನ ಮತ್ತು ಕುದುರೆಯ ಸಾಕಣೆಯ ಭಾರವು ಅವನ ಮೇಲೆಯೇ ಇದ್ದಿತು. ಹೀಗಾಗಿ ದಂಡಿಗೆ ಹೋದ ಮಗನೊಂದಿಗೆ ಮನೆಯ ಬಂಡವಾಳವೂ ಹೋಗುತ್ತಿತ್ತು. ಈ ಪದ್ಧತಿಯು ಯುದ್ಧಾನಂತರ 1921ರಲ್ಲಿ ನಿಂತುಹೋಯಿತು. ರಾವುತರ ಓಲೆಗಳಲ್ಲಿ ಹಣ, ಹೊಲ, ಸಾಲ, ವ್ಯಾಜ್ಯಗಳ ಮಾತು ಏಕೆ ಅಷ್ಟು ತುಂಬಿದೆಯೆಂಬುದಕ್ಕೆ ಇದೂ ಒಂದು ಕಾರಣ. ಅವರು ಕೂಲಿಗೆ ಹೋದವರಲ್ಲ. ಮನೆಯ ಅರ್ಧ ಜೀವವನ್ನು ಜೊತೆಗೆ ಕೊಂಡುಹೋದವರು.

ಇಂಥ ರಾವುತರಿಗೆ ಫ್ರಾನ್ಸಿನಲ್ಲಿ ಕುದುರೆಯನ್ನೇರಿ ಕಾದುವ ಪ್ರಸಂಗಗಳೇ ಅಪರೂಪವಾದವು. ಸ್ವಿಟ್ಜರ್ಲೆಂಡಿನ ಗಡಿಯಿಂದ ಸಮುದ್ರದವರೆಗೆ ಕಂದಕಗಳು, ಅವುಗಳ ಮುಂದೆ ಮುಳ್ಳುತಂತಿ, ಅದರಾಚೆ ಯಂತ್ರಬಂದೂಕು. ಭಲ್ಲೆ ಹಿಡಿದು ಧಾವಿಸುವ ವಿದ್ಯೆಯು ಅಲ್ಲಿ ಏನು ಮಾಡೀತು? ಕುದುರೆಗಳನ್ನು ಹಿಂದೆ ಬಿಟ್ಟು, ಕಾಲಾಳುಗಳಂತೆ ಸರದಿಯ ಮೇಲೆ ಕೆಸರು ತುಂಬಿದ ಕಂದಕಗಳಲ್ಲಿ ನಿಂತರು. 1916ರ ಜುಲೈ 14ರ ಸಂಜೆ ಸೋಮ್ ನದಿಯ ಸಮರದಲ್ಲಿ, ಹೈವುಡ್ ಎಂಬ ಕಾಡಿನ ಬಳಿ, ಡೆಕ್ಕನ್ ಹಾರ್ಸ್ ಪಡೆಯವರು ಬ್ರಿಟಿಷ್ ರಾವುತರೊಡನೆ ಕಾಳಿನ ಹೊಲಗಳ ನಡುವೆ ಭಲ್ಲೆ ಹಿಡಿದು ನುಗ್ಗಿದುದು ಅಂಥ ಕೆಲವೇ ಪ್ರಸಂಗಗಳಲ್ಲೊಂದು. ಮಿಕ್ಕ ದಿನಗಳೆಲ್ಲ ಕಾಯುವ ದಿನಗಳು. ಆದುದರಿಂದಲೇ ಬರೆಯುವ ದಿನಗಳು.

ಓಲೆಯ ದಾರಿ

ಓಲೆಯೊಂದು ಕಂದಕದಿಂದ ಹೊರಟು ಹಳ್ಳಿಯನ್ನು ಸೇರುವವರೆಗೆ ಎಷ್ಟು ಕೈಗಳನ್ನು ದಾಟುತ್ತಿತ್ತೆಂಬುದನ್ನು ತಿಳಿಯದೆ ಅದನ್ನು ಓದಬಾರದು. ಮೊದಲನೆಯದಾಗಿ, ಯೋಧರಲ್ಲಿ ಅನೇಕರು ಅಕ್ಷರವನ್ನರಿಯರು. ಓದುಬರಹ ಬಲ್ಲ ಜೊತೆಗಾರನೋ, ಪಡೆಯ ಗುಮಾಸ್ತನೋ ಅವರ ಮಾತನ್ನು ಕೇಳಿ ಬರೆಯುತ್ತಿದ್ದನು. ಉರ್ದು, ಗುರುಮುಖಿ, ಹಿಂದಿ, ಮರಾಠಿ, ಪಶ್ತೊ ಮೊದಲಾದ ನುಡಿಗಳಲ್ಲಿ ಓಲೆಗಳು ಹೊರಡುತ್ತಿದ್ದವು. ಬರೆಯುವವನು ತನ್ನ ಒಕ್ಕಣೆಯ ಸಂಪ್ರದಾಯವನ್ನು ಬಿಡುತ್ತಿರಲಿಲ್ಲ. ನಮ್ಮಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಮೊದಲು ಮಾಡಿ, ಸಾವಿನ ಸುದ್ದಿಯನ್ನು ಬರೆಯುವಾಗ ಹೊರತು, ಮನೆಯಲ್ಲಿ ಎಂಥ ಅಕುಶಲವಿದ್ದರೂ ಕ್ಷೇಮವೆಂದೇ ಬರೆಯುತ್ತಿದ್ದರಷ್ಟೆ. ಅಲ್ಲಿಯೂ ಹಾಗೆಯೇ, ಮೊದಲು ಹಿರಿಯರಿಗೆಲ್ಲ ವಂದನೆ, ಬಳಿಕ ಕ್ಷೇಮಸಮಾಚಾರ, ಅದರ ಬಳಿಕ ಮಾತು.

ಎರಡನೆಯದಾಗಿ, ಪಡೆಯ ಆಂಗ್ಲ ಅಧಿಕಾರಿಯು ಓಲೆಗಳನ್ನು ನೋಡುತ್ತಿದ್ದನು. ಮೂರನೆಯದಾಗಿ, ಬುಲೋನ್ ಪಟ್ಟಣದಲ್ಲಿ ಭಾರತೀಯ ಅಂಚೆಗಾಗಿಯೇ ಏರ್ಪಡಿಸಿದ್ದ, ಸೆನ್ಸಾರ್ ಎಂದು ಕರೆಯುವ ಪತ್ರಪರೀಕ್ಷಣೆಯ ಕಛೇರಿಯಿದ್ದಿತು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದಿಂದ ಗದರ್ ಪಕ್ಷದವರು ಹೊರಡಿಸುತ್ತಿದ್ದ ಸ್ವಾತಂತ್ರ್ಯಬೋಧಕ ಪತ್ರಿಕೆಗಳು ಸಿಪಾಯಿಗಳ ಕೈಸೇರುವುವೆಂಬ ಅಂಜಿಕೆಯೇ ಈ ಕಛೇರಿಗೆ ಮೂಲ. ಮೊದಲಲ್ಲಿ ಇದರ ಮುಖ್ಯಸ್ಥನಾಗಿದ್ದವನು ಇಂಡಿಯನ್ ಸಿವಿಲ್ ಸರ್ವೀಸಿನ ಈವ್ಲಿನ್ ಬರ್ಕ್ಲಿ ಹೋವೆಲ್ ಎಂಬ ಅಧಿಕಾರಿ. 1915ರ ಮಾರ್ಚ್ ಹೊತ್ತಿಗೆ ಸಿಪಾಯಿಗಳು ವಾರಕ್ಕೆ ಹತ್ತು ಸಾವಿರಕ್ಕೂ ಮಿಗಿಲಾದ ಕಾಗದಗಳನ್ನು ಬರೆಯುತ್ತಿದ್ದರು. ಅಷ್ಟನ್ನೂ ಓದುವುದು ಬೆರಳೆಣಿಕೆಯ ಜನರಿಂದ ಆಗುವ ಕೆಲಸವಲ್ಲ. ಅವರು ಕೆಲವನ್ನು ಆರಿಸಿ ಓದಿ, ಗಮನಾರ್ಹವಾದ ಭಾಗಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ, ಸಿಪಾಯಿಗಳ ಮನಃಸ್ಥಿತಿ ಹೇಗಿದೆಯೆಂಬ ವರದಿಯೊಡನೆ ಮೇಲಧಿಕಾರಿಗಳಿಗೆ ಕಳುಹಿಸುತ್ತಿದ್ದರು. ಊರಿನಿಂದ ಬರುವ ಕಾಗದಗಳಿಗೂ ಇದೇ ಪರೀಕ್ಷೆ. ನಾಲ್ಕನೆಯದಾಗಿ, ಹಳ್ಳಿಯನ್ನು ಸೇರಿದ ಓಲೆಯನ್ನು ಶಾಲೆಯ ಮಾಸ್ತರನೋ ಅಂಚೆಯವನೋ ನಾಲ್ಕು ಜನರ ಮುಂದೆ ಓದಿ ಹೇಳಬೇಕಾಗಿತ್ತು. ಮಗನಿಂದ ತಾಯಿಗೆ ಹೋಗುವ ಮಾತಿನ ನಡುವೆ ಇಷ್ಟು ಜನರು ಕುಳಿತಿದ್ದರು.

ಇನ್ನು ಇದರಲ್ಲಿರುವ ವಿಚಿತ್ರವನ್ನು ವಾಚಕರು ಗಮನಿಸಬೇಕು. ಮನೆಗಳನ್ನು ಸೇರಿದ ಮೂಲ ಓಲೆಗಳು ಮಳೆಗೆ, ಗೆದ್ದಲಿಗೆ, ಒಲೆಯ ಬೆಂಕಿಗೆ, ಮರೆವಿಗೆ ತುತ್ತಾಗಿ ಬಹುಮಟ್ಟಿಗೆ ನಾಶವಾದವು. ಅನುಮಾನದಿಂದ ಓದಿ, ತರ್ಜುಮೆ ಮಾಡಿ, ಕಡತಕ್ಕೆ ಸೇರಿಸಿದ ಭಾಗಗಳು ಮಾತ್ರ ಲಂಡನ್ ನಗರದ ಇಂಡಿಯಾ ಆಫೀಸಿನ ದಫ್ತರಗಳಲ್ಲಿ ಉಳಿದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಡೇವಿಡ್ ಒಮಿಸ್ಸಿ ಎಂಬ ವಿದ್ವಾಂಸರು ಅವುಗಳಿಂದ ಆಯ್ದ ಓಲೆಗಳನ್ನು 1999ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಕಾಯುವುದಕ್ಕೆಂದು ಇಟ್ಟುಕೊಂಡವರು ಕಳೆದರು. ತಡೆಯುವುದಕ್ಕೆಂದು ಕುಳಿತವರು ಉಳಿಸಿದರು. ಇತಿಹಾಸದ ಸಾಮಗ್ರಿ ಎಷ್ಟು ಅನಿರೀಕ್ಷಿತವಾದ ಕೈಗಳಿಂದ ನಮಗೆ ಬರುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವು ದೊರೆಯುವುದು ಕಷ್ಟ.

ಓಲೆಗಳ ಒಳಗು

ಹಾಗಾದರೆ ಆ ಓಲೆಗಳಲ್ಲಿ ಏನಿದೆ? ಯುದ್ಧದ ವರ್ಣನೆಯು ಬಂದಲ್ಲಿ ಅದೆಲ್ಲ ಒಕ್ಕಲುಮಗನ ಉಪಮೆಗಳಿಂದಲೇ ಬರುತ್ತದೆ. ಗುಂಡುಗಳು ಮುಂಗಾರಿನ ಮಳೆಯಂತೆ ಸುರಿಯುತ್ತವೆ. ಹೆಣಗಳು ಕೊಯ್ದ ಪೈರಿನ ಸಿವುಡುಗಳಂತೆ ಬಿದ್ದಿವೆ. ಬೀಸುವ ಕಲ್ಲಿಗೆ ಹಾಕಿದ ಕಾಳಿನಂತೆ ಮನುಷ್ಯರು ಹಿಟ್ಟಾಗುತ್ತಿದ್ದಾರೆ. ಒಬ್ಬನು ಇದು ಯುದ್ಧವೇ ಅಲ್ಲ, ಜಗತ್ತಿನ ಪ್ರಳಯವೆಂದೂ, ಹಿರಿಯರು ಹೇಳುತ್ತಿದ್ದ ಮಹಾಭಾರತದ ಕಾಳಗವೇ ಮರಳಿ ಬಂದಿದೆಯೆಂದೂ ಬರೆಯಿಸಿದನು. ಪಂಡಿತರು ಕುರುಕ್ಷೇತ್ರವನ್ನು ಪುಸ್ತಕದಲ್ಲಿ ಓದುತ್ತಾರೆ. ಅಕ್ಷರವರಿಯದ ಆ ಸಿಪಾಯಿಯು ಅದನ್ನು ಕಂಡನು. ಕಂಡುದನ್ನು ಹೇಳಲು ಆ ಕಥೆಯ ಹೊರತು ಅವನಿಗೆ ಬೇರೆ ಮಾತು ದೊರೆಯಲಿಲ್ಲ.

ಆದರೆ ಯುದ್ಧವರ್ಣನೆಗಿಂತ ಹೆಚ್ಚಾಗಿರುವುದು ಮನೆಯ ಮಾತು. ಮಳೆಯಾಯಿತೇ? ಬೆಳೆ ಹೇಗಿದೆ? ಎಮ್ಮೆ ಈಯಿತೇ? ತಂಗಿಯ ವಿವಾಹದ ಮಾತು ಎಲ್ಲಿಗೆ ಬಂದಿತು? ದಾಯಾದಿಯು ಹೂಡಿದ ವ್ಯಾಜ್ಯ ಏನಾಯಿತು? ಆ ವರ್ಷಗಳಲ್ಲಿ ಪಂಜಾಬಿನಲ್ಲಿ ಪ್ಲೇಗು ಇದ್ದಿತು. ಕಂದಕದಲ್ಲಿದ್ದ ಮಗನಿಗೆ ಮನೆಯಲ್ಲಿ ಸಾವಾದ ಸುದ್ದಿ ಬರುವುದೂ, ಮನೆಯವರು ಮಗನ ಸಾವಿನ ಸುದ್ದಿಗಾಗಿ ಅಂಜಿ ಕುಳಿತಿರುವುದೂ ಒಂದೇ ಕಾಲದಲ್ಲಿ ನಡೆಯುತ್ತಿದ್ದವು. ಗುಂಡಿನ ಮಳೆಯ ನಡುವೆ ಎಮ್ಮೆಯ ಯೋಗಕ್ಷೇಮವನ್ನು ವಿಚಾರಿಸುವವನನ್ನು ಕಂಡು ನಗಬಾರದು. ಆ ಪ್ರಶ್ನೆಯೊಂದೇ ಅವನನ್ನು ಮನುಷ್ಯಲೋಕಕ್ಕೆ ಕಟ್ಟಿಹಾಕಿದ್ದ ಹಗ್ಗ.

ಉಪ್ಪಿನ ಋಣದ ಮಾತೂ, ಮಾನದ ಮಾತೂ ಪದೇ ಪದೇ ಬರುತ್ತವೆ. ಉರ್ದುವಿನಲ್ಲಿ ‘ಇಜ್ಜತ್’ ಎಂದು ಕರೆಯುವ ಆ ಮಾನವೇ ಅವರನ್ನು ಕಂದಕದಲ್ಲಿ ನಿಲ್ಲಿಸಿದ ಮುಖ್ಯ ಶಕ್ತಿ. ತಮ್ಮ ಕುಲಕ್ಕೂ ಊರಿಗೂ ಕಳಂಕ ಬರಬಾರದೆಂಬ ಹಟದಿಂದ ಅವರು ನಿಂತರೇ ಹೊರತು, ಆ ಯುದ್ಧದ ಮೂಲಕಾರಣವಾದ ಯುರೋಪಿನ ರಾಜರ ಜಗಳವು ಅವರದಾಗಿರಲಿಲ್ಲ. ಚಕ್ರವರ್ತಿಯ ಮೇಲಣ ಭಕ್ತಿಯನ್ನು ಹೇಳುವ ವಾಕ್ಯಗಳೂ ಓಲೆಗಳಲ್ಲಿವೆ. ಅವು ಎಷ್ಟು ಹೃದಯದಿಂದ ಬಂದವು, ಎಷ್ಟು ಪರೀಕ್ಷಕನ ಕಣ್ಣಿಗಾಗಿ ಬರೆದವು ಎಂದು ಬೇರ್ಪಡಿಸುವುದು ಸುಲಭವಲ್ಲ. ಎರಡೂ ಇದ್ದವೆಂದು ತಿಳಿಯುವುದೇ ನ್ಯಾಯ.

ಓಲೆಯನ್ನು ಪರರು ಓದುವರೆಂಬುದು ಸಿಪಾಯಿಗಳಿಗೆ ಗೊತ್ತಿತ್ತು. ಆದುದರಿಂದ ಒಗಟಿನ ಮಾತು ಹುಟ್ಟಿತು. ಪ್ರಸಿದ್ಧವಾದ ಒಗಟೊಂದರಲ್ಲಿ ಕರಿಮೆಣಸೆಂದರೆ ಭಾರತೀಯ ಸೈನಿಕರು, ಕೆಂಪು ಮೆಣಸಿನಕಾಯಿಯೆಂದರೆ ಆಂಗ್ಲ ಸೈನಿಕರು. ಕರಿಮೆಣಸು ತೀರುತ್ತ ಬಂದಿತೆಂದು ಬರೆದರೆ ಹಳ್ಳಿಯಲ್ಲಿ ಅರ್ಥವಾಗುತ್ತಿತ್ತು. ಬುಲೋನಿನಲ್ಲಿಯೂ ಬಹುಬೇಗ ಅರ್ಥವಾಯಿತು. ತಮ್ಮನನ್ನು ದಂಡಿಗೆ ಸೇರಿಸಬೇಡಿರೆಂಬ ಎಚ್ಚರಿಕೆಯನ್ನು ಹೀಗೆ ಸುತ್ತಿಬಳಸಿ ಕಳುಹಿಸಿದವರು ಹಲವರು. ತಾನು ಮಾನಕ್ಕಾಗಿ ನಿಂತವನು, ತಮ್ಮನು ಮಾತ್ರ ಬರಬಾರದೆನ್ನುತ್ತಾನೆ. ಇದನ್ನು ಹೇಡಿತನವೆನ್ನಬಹುದೇ? ನನ್ನ ಅಲ್ಪಮತಿಗೆ ಇದು ವೀರಗಲ್ಲಿನಲ್ಲಿ ಕಂಡರಿಸದೆ ಉಳಿದ ನಾಲ್ಕನೆಯ ಪಟ್ಟಿಕೆಯೆಂದು ತೋರುತ್ತದೆ.

ಹೋವೆಲ್ ಅಧಿಕಾರಿಯು ಇನ್ನೊಂದು ಸೂಕ್ಷ್ಮವನ್ನು ಕಂಡುಹಿಡಿದನು. 1915ರ ಆರಂಭದಲ್ಲಿ ಓಲೆಗಳಲ್ಲಿ ಪದ್ಯಗಳು ಹೆಚ್ಚುತ್ತ ಬಂದವು. ಸಾಮಾನ್ಯ ಅಧಿಕಾರಿಯಾಗಿದ್ದರೆ ಸಿಪಾಯಿಗಳು ಸಂತೋಷವಾಗಿದ್ದಾರೆ, ಹಾಡು ಕಟ್ಟುತ್ತಿದ್ದಾರೆ ಎಂದು ಬರೆಯುತ್ತಿದ್ದನು. ಹೋವೆಲನು ಇದು ಮನಸ್ಸಿನ ಕಳವಳದ ಲಕ್ಷಣ, ಶುಭಸೂಚನೆಯಲ್ಲವೆಂದು ವರದಿ ಮಾಡಿದನು. ಗದ್ಯದಲ್ಲಿ ಹೇಳಲಾಗದ ದುಃಖವು ಪದ್ಯವನ್ನು ಹುಡುಕುತ್ತದೆಂಬುದನ್ನು ಕಾವ್ಯಮರ್ಮಜ್ಞನಲ್ಲದವನು ಅರಿಯಲಾರನು. ಇದೇ ಹೋವೆಲನು ಮುಂದೆ ಪಶ್ತೊ ಭಾಷೆಯ ಕವಿ ಖುಷಾಲ್ ಖಾನ್ ಖಟ್ಟಕನ ಪದ್ಯಗಳನ್ನು ಮತ್ತೊಬ್ಬ ಅಧಿಕಾರಿಯೊಡನೆ ಇಂಗ್ಲಿಷಿಗೆ ತಂದನೆಂಬುದನ್ನು ನೆನೆದರೆ ಆಶ್ಚರ್ಯವಾಗುವುದಿಲ್ಲ. ಕಾವಲುಗಾರನ ಉಡುಪಿನಲ್ಲಿಯೂ ಸಹೃದಯನಿರುವುದುಂಟು. ಆದರೂ ಸಹೃದಯತೆಯಿಂದ ಕಾವಲು ಸಡಿಲವಾಗಲಿಲ್ಲ. ಆ ಪದ್ಯಗಳನ್ನು ಬರೆದವರ ಕಳವಳವು ಸರ್ಕಾರಕ್ಕೆ ಒಂದು ಸಮಾಚಾರ ಮಾತ್ರವಾಗಿತ್ತು.

ಮತ್ತೊಬ್ಬ ಓದುಗನ ಕಥೆಯೂ ಇಲ್ಲಿ ಹೇಳತಕ್ಕದ್ದು. ಪ್ರಖ್ಯಾತ ಆಂಗ್ಲ ಲೇಖಕ ಕಿಪ್ಲಿಂಗನಿಗೆ ಈ ಓಲೆಗಳ ಕೆಲವು ಪ್ರತಿಗಳು ದೊರೆತವು. ಅವುಗಳ ಆಧಾರದಿಂದ ಅವನು ಭಾರತೀಯ ಸಿಪಾಯಿಗಳು ಬರೆದಂತೆ ತೋರುವ ಕಲ್ಪಿತ ಓಲೆಗಳನ್ನು ರಚಿಸಿ ‘ಏಷ್ಯದ ಕಣ್ಣುಗಳು’ ಎಂಬರ್ಥದ ಹೆಸರಿನ ಪುಸ್ತಕವಾಗಿ 1918ರಲ್ಲಿ ಪ್ರಕಟಿಸಿದನು. ಯುದ್ಧದಲ್ಲಿ ಆಂಗ್ಲರ ಪಕ್ಷವನ್ನು ಎತ್ತಿಹಿಡಿಯುವುದು ಅದರ ಉದ್ದೇಶ. ಆದುದರಿಂದ ಮೂಲದ ಒಗಟು, ಅಳಲು, ಅಸಮಾಧಾನಗಳು ಅದರಲ್ಲಿ ಬಹಳವಾಗಿ ತೊಳೆದುಹೋಗಿವೆ. ಆದರೆ ಆ ಕಿಪ್ಲಿಂಗನ ಒಬ್ಬನೇ ಮಗನು 1915ರ ಸೆಪ್ಟೆಂಬರಿನಲ್ಲಿ ಲೂಸ್ ಕಾಳಗದಲ್ಲಿ ಕಾಣೆಯಾಗಿದ್ದನು. ಮಗನ ಕಾಗದ ಇನ್ನು ಬಾರದೆಂದು ಬಲ್ಲ ತಂದೆಯೊಬ್ಬನು ಅನ್ಯರ ಮಕ್ಕಳ ಕಾಗದಗಳನ್ನು ಓದುತ್ತ ಕುಳಿತ ಚಿತ್ರವನ್ನು ಮನಸ್ಸಿನಿಂದ ಅಳಿಸುವುದು ಕಷ್ಟ.

ಪರದೇಶದ ಮನೆ

ಈ ಓಲೆಗಳೆಲ್ಲ ಶೋಕಮಯವೆಂದು ವಾಚಕರು ಭಾವಿಸಬಾರದು. ಗಾಯಗೊಂಡ ಸಿಪಾಯಿಗಳನ್ನು ಇಂಗ್ಲೆಂಡಿನ ಬ್ರೈಟನ್ ಪಟ್ಟಣಕ್ಕೆ ಸಾಗಿಸಿ, ಅಲ್ಲಿಯ ಹಳೆಯ ರಾಜಭವನವನ್ನು ಆಸ್ಪತ್ರೆಯಾಗಿ ಮಾಡಿದ್ದರು. ಅಲ್ಲಿ ಅವರವರ ಆಚಾರಕ್ಕೆ ತಕ್ಕಂತೆ ಒಂಬತ್ತು ಅಡಿಗೆಮನೆಗಳು, ಹಿಂದೂ ಮುಸಲ್ಮಾನರಿಗೆ ಬೇರೆ ಬೇರೆ ನೀರಿನ ನಲ್ಲಿಗಳು ಇದ್ದವು. ಅಲ್ಲಿಂದ ಬರೆದವರು ಆರೈಕೆಯನ್ನು ಬಾಯ್ತುಂಬ ಹೊಗಳಿದರು. ಅಲ್ಲಿ ಪ್ರಾಣಬಿಟ್ಟ ಹಿಂದೂ ಮತ್ತು ಸಿಖ್ಖ ಯೋಧರಲ್ಲಿ 53 ಮಂದಿಯನ್ನು ಊರ ಹೊರಗಿನ ಗುಡ್ಡದ ಮೇಲೆ ದಹನ ಮಾಡಿದರು. ಆ ಸ್ಥಳದಲ್ಲಿ 1921ರಲ್ಲಿ ಅನಾವರಣಗೊಂಡ ಬಿಳಿಯ ಅಮೃತಶಿಲೆಯ ಛತ್ರಿಯು ಇಂದಿಗೂ ನಿಂತಿದೆ.

ರಾವುತರಿಗಾದರೋ ಫ್ರಾನ್ಸಿನ ಹಳ್ಳಿಗಳ ಮನೆಗಳಲ್ಲಿಯೇ ಬಿಡಾರ ದೊರೆಯುತ್ತಿತ್ತು. ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿದ ತಾಯಂದಿರು ಆ ಮನೆಗಳಲ್ಲಿದ್ದರು. 1916ರ ಆರಂಭದ ಓಲೆಯೊಂದರಲ್ಲಿ ಸಿಪಾಯಿಯೊಬ್ಬನು ಅಂಥ ವೃದ್ಧೆಯೊಬ್ಬಳ ಸಂಗತಿಯನ್ನು ಬರೆದಿದ್ದಾನೆ. ಅವಳು ಮೂರು ತಿಂಗಳು ಇವನ ಬಟ್ಟೆ ಒಗೆದಳು, ಹಾಸಿಗೆ ಹಾಸಿದಳು, ದಿನವೂ ಬೆಳಗ್ಗೆ ರೊಟ್ಟಿ, ಬೆಣ್ಣೆ, ಹಾಲು, ಕಾಫಿಗಳನ್ನು ತಂದುಕೊಟ್ಟಳು. ಇವನು ಹೊರಡುವ ದಿನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ತನ್ನ ಸತ್ತ ಮಗನಿಗಾಗಿ ಅವಳು ಅತ್ತುದನ್ನು ಇವನು ಎಂದೂ ಕಂಡಿರಲಿಲ್ಲವಂತೆ. ದಾರಿಯ ಖರ್ಚಿಗೆಂದು ಐದು ಫ್ರಾಂಕುಗಳ ನೋಟನ್ನು ಕೈಯಲ್ಲಿ ತುರುಕಿ ಕಳುಹಿಸಿದಳು. ಭಾಷೆಯಿಲ್ಲ, ಬಣ್ಣವಿಲ್ಲ, ಮತವಿಲ್ಲ. ಮಗನಿಲ್ಲದ ತಾಯಿಗೂ ತಾಯಿಯಿಲ್ಲದ ಮಗನಿಗೂ ಅಷ್ಟು ದಿನ ಒಂದು ಮನೆಯಾಯಿತು.

ಅಲ್ಲಿಯ ಹೆಂಗಸರು ಹೊಲವನ್ನು ಉಳುವುದನ್ನೂ, ಅಂಗಡಿಗಳನ್ನು ನಡೆಸುವುದನ್ನೂ, ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳೆಲ್ಲ ಶಾಲೆಗೆ ಹೋಗುವುದನ್ನೂ ಕಂಡ ರಾವುತರ ಮನಸ್ಸಿನಲ್ಲಿ ಹೊಸ ವಿಚಾರವು ಮೂಡಿತು. ಒಡವೆಗೆ ಹಾಕುವ ಹಣವನ್ನು ಓದಿಗೆ ಹಾಕಿರಿ, ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿರಿ ಎಂಬ ಉಪದೇಶಗಳು ಅವರ ಓಲೆಗಳಲ್ಲಿ ಕಾಣಿಸಿಕೊಂಡವು. ತನ್ನ ಮಾತನ್ನು ಇನ್ನೊಬ್ಬರಿಂದ ಬರೆಯಿಸಿ, ಮತ್ತೊಬ್ಬರಿಂದ ಓದಿಸಬೇಕಾದ ಸಂಕಟವನ್ನು ಉಂಡವನಿಗೆ ಅಕ್ಷರದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೆಂಡತಿಗೆ ಓದು ಬರುತ್ತಿದ್ದರೆ, ಅವಳಿಗೆ ಹೇಳಬೇಕಾದುದನ್ನು ಅವಳಿಗೇ ಹೇಳಬಹುದಾಗಿತ್ತಲ್ಲವೆ? ಹಳ್ಳಿಯ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಡುವುದನ್ನು ವ್ರತವಾಗಿ ಕಂಡ ನಮ್ಮ ನಾಡಿನ ಮಠಗಳ ಶಿಷ್ಯವರ್ಗಕ್ಕೆ ಈ ಮಾತಿನ ಮರ್ಮವನ್ನು ವಿವರಿಸಬೇಕಾದುದಿಲ್ಲ.

ಓಲೆಯನ್ನು ಮುಟ್ಟಿಸಿದ ರಾವುತ, ಕನ್ನಡ ನಾಡಿನ ರಾವುತ

ಓಲೆಯ ಕಥೆಯಲ್ಲಿ ಓಲೆಕಾರನ ಕಥೆಯೊಂದನ್ನು ಬಿಡಲಾಗದು. 1917ರ ಡಿಸೆಂಬರ್ 1ರಂದು, ಕಾಂಬ್ರೇ ಸಮರದ ಕಾಲದಲ್ಲಿ, ಭಾರತೀಯ ಪಡೆಯೊಂದು ಶತ್ರುಗಳ ನಡುವೆ ಸಿಕ್ಕಿಬಿದ್ದಿತು. ಅಲ್ಲಿಂದ ಹಿಂದಣ ದಳದ ಕಛೇರಿಗೆ ಒಂದೂವರೆ ಮೈಲಿ ಬಯಲು. ಆ ಬಯಲೆಲ್ಲ ಶತ್ರುವಿನ ಕಣ್ಣಿಗೂ ಗುಂಡಿಗೂ ತೆರೆದದ್ದು. ಸಂದೇಶವನ್ನು ಕೊಂಡೊಯ್ಯಲು ಮುಂದೆ ಬಂದವನು ಲಾನ್ಸ್ ದಫೇದಾರ ಗೋವಿಂದಸಿಂಗನೆಂಬ ರಾಠೋಡ ರಜಪೂತ. ಮೂರು ಸಲ ಹೊರಟನು; ಮೂರು ಸಲವೂ ಕುದುರೆಯು ಗುಂಡಿಗೆ ಬಿದ್ದಿತು; ಮೂರು ಸಲವೂ ನಡೆದುಹೋಗಿ ಸಂದೇಶವನ್ನು ಮುಟ್ಟಿಸಿದನು. ಅವನಿಗೆ ವಿಕ್ಟೋರಿಯ ಕ್ರಾಸ್ ಪದಕವು ದೊರೆಯಿತು. ಸೇನೆಯ ಓಲೆಯನ್ನು ಮುಟ್ಟಿಸಿದವನಿಗೆ ಪದಕವುಂಟು. ಮನೆಯ ಓಲೆಗಾಗಿ ಕಾದವರಿಗೆ ಯಾವ ಪದಕವೂ ಇಲ್ಲ.

ಇನ್ನು ಕನ್ನಡ ನಾಡಿನ ಸಂಬಂಧ. ಮೈಸೂರಿನ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಯುದ್ಧದ ಪ್ರಾರಂಭದಲ್ಲಿ 50 ಲಕ್ಷ ರೂಪಾಯಿಗಳನ್ನು ನೀಡಿದುದಲ್ಲದೆ ತಮ್ಮ ಸಂಸ್ಥಾನದ ತುರಂಗ ಪಡೆಯಾದ ಮೈಸೂರು ಲಾನ್ಸರ್ಸನ್ನೂ ಕಳುಹಿಸಿಕೊಟ್ಟರು. ಈ ಪಡೆಯು ಫ್ರಾನ್ಸಿಗೆ ಹೋಗದೆ ಈಜಿಪ್ಟಿಗೆ ಹೋಗಿ, ಸೂಯೆಜ್ ಕಾಲುವೆಯನ್ನು ಕಾದು, ಬಳಿಕ ಪ್ಯಾಲೆಸ್ಟೈನಿನಲ್ಲಿ ಕಾದಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಪ್ರಸಂಗವು ಸುಪ್ರಸಿದ್ಧವಾದುದು. ಒಂದು ಕಡೆ ಕಾರ್ಮೆಲ್ ಪರ್ವತ, ಒಂದು ಕಡೆ ಕಿಷೋನ್ ನದಿಯ ಕುಸಿಯುವ ಮರಳು. ಮೈಸೂರಿನ ರಾವುತರ ಒಂದು ತುಕಡಿಯು ಪರ್ವತವನ್ನೇರಿ ಅಲ್ಲಿಯ ಫಿರಂಗಿಗಳ ಮೇಲೆ ಬಿದ್ದಿತು. ಜೋಧಪುರದ ರಾವುತರು ಕೆಳಗಿನಿಂದ ಪಟ್ಟಣದೊಳಕ್ಕೆ ನುಗ್ಗಿದರು. ಮೈಸೂರಿನವರು ಅವರನ್ನು ಹಿಂಬಾಲಿಸಿದರು. ಸುಮಾರು 1,350 ಮಂದಿ ಸೆರೆಯಾದರು. ಜೋಧಪುರದ ಮೇಜರ್ ದಲಪತಸಿಂಗರು ಆ ಕಾಳಗದಲ್ಲಿ ಮಡಿದರು. ಅಕ್ಟೋಬರ್ 26ರಂದು ಅಲೆಪ್ಪೊ ಪಟ್ಟಣದಾಚೆಯ ಹರಿತಾನಿನಲ್ಲಿ ಇವೇ ಪಡೆಗಳು ಮತ್ತೆ ಧಾಳಿ ಮಾಡಿದವು. ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಯೋಧರ ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರು ಪಡೆಗಳ ಸ್ಮಾರಕ. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದ ಬಳಿಯಲ್ಲಿಯೂ ಮೈಸೂರು ಲಾನ್ಸರ್ಸಿನ ಸ್ಮಾರಕಸ್ತಂಭವಿದೆ. ಇವು ನಮ್ಮ ಕಾಲಕ್ಕೆ ಸಮೀಪದ ವೀರಗಲ್ಲುಗಳು. ಕಲ್ಲಿನ ಸ್ವಭಾವದಂತೆ ಗೆಲುವನ್ನೂ ಸಾವನ್ನೂ ಹೇಳಿ ಸುಮ್ಮನಾಗುತ್ತವೆ.

ನಾನೂ ಒಬ್ಬ ಪರೀಕ್ಷಕ

ಈ ಓಲೆಗಳನ್ನು ಓದುವಾಗಲೆಲ್ಲ ನನಗೆ ನನ್ನ ಪಾಠಶಾಲೆಯ ದಿನಗಳ ಒಂದು ಸಂಗತಿ ನೆನಪಾಗುತ್ತದೆ. ಆಗ ಊರಿನ ವೃದ್ಧೆಯರು ತಮಗೆ ಬಂದ ಕಾಗದಗಳನ್ನು ತಂದು ಪಾಠಶಾಲೆಯ ಹುಡುಗರಿಂದ ಓದಿಸಿಕೊಳ್ಳುತ್ತಿದ್ದರು. ಒಬ್ಬ ತಾಯಿಯ ಮಗನು ಸೈನ್ಯದಲ್ಲಿ, ಉತ್ತರದ ಗಡಿಯಲ್ಲಿದ್ದನು. ಅವನ ಕಾಗದವೊಂದರ ನಡುವೆ, ಓದುವವರಿಗೆಂದೇ ಬರೆದ ಎರಡು ಸಾಲುಗಳಿದ್ದವು: ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದೇನೆ, ಇದನ್ನು ಅವ್ವನಿಗೆ ಓದಿ ಹೇಳಬಾರದು. ನಾನು ಆ ಸಾಲುಗಳನ್ನು ಬಿಟ್ಟು ಮುಂದಿನದನ್ನು ಓದಿದೆನು.

‘ಮತ್ತೇನ ಬರದಾನಪಾ ತಮ್ಮಾ?’ ಎಂದು ಕೇಳಿದಳು.

‘ಇಷ್ಟ ಐತಿ, ಅವ್ವಾ’ ಎಂದೆನು.

ಕಾಗದವನ್ನು ಮಡಿಚಿಕೊಂಡು ಹೋಗಿ, ಮನೆಯ ತೊಲೆಗೆ ತೂಗುಹಾಕಿದ್ದ ತಂತಿಗೆ ಚುಚ್ಚಿದಳು. ಕೆಲವು ತಿಂಗಳುಗಳ ಮೇಲೆ ಮಗನು ರಜೆಯ ಮೇಲೆ ಬಂದನು, ಕುಂಟುತ್ತ ನಡೆಯುತ್ತಿದ್ದನು. ನಾನು ನಾಚಿಕೆಯಿಂದ ಅವಳ ಎದುರಿಗೆ ಹೋಗಲಾರದೆ ತಪ್ಪಿಸಿಕೊಂಡು ತಿರುಗುತ್ತಿದ್ದೆನು. ಒಂದು ದಿನ ಅವಳೇ ಕರೆದು, ಸಿಟ್ಟಿಲ್ಲದೆ ಹೇಳಿದಳು: ‘ಅವತ್ತ ನೀ ಓದೂವಾಗ ನಡುವ ಒಂದು ಗಳಿಗಿ ನಿಂತಿ ನೋಡು, ಆವಾಗನ ನನಗ ತಿಳೀತು ತಮ್ಮಾ.’

ಯಾವ ಗ್ರಂಥವೂ ಕಲಿಸದ ಪಾಠವನ್ನು ಆ ತಾಯಿ ನನಗೆ ಕಲಿಸಿದಳು. ಫ್ರಾನ್ಸಿನ ಓಲೆಗಳಿಗೆ ಬರೆಯುವವನ ತೆರೆ, ಪರೀಕ್ಷಕನ ತೆರೆ, ತರ್ಜುಮೆಯ ತೆರೆ ಎಂದು ವಿದ್ವಾಂಸರು ಮೂರು ತೆರೆಗಳನ್ನು ಎಣಿಸುತ್ತಾರೆ. ನಾಲ್ಕನೆಯ ತೆರೆಯೊಂದುಂಟು, ಅದು ಮಗನು ತಾನೇ ಇಳಿಬಿಟ್ಟದ್ದು. ತಾಯಿ ನೊಂದಾಳೆಂದು ಅವನು ಹೇಳದೆ ಬಿಟ್ಟ ಮಾತನ್ನು ಯಾವ ಹೋವೆಲನೂ ತಡೆಯಲಿಲ್ಲ, ಯಾವ ಕಡತವೂ ಉಳಿಸಲಿಲ್ಲ. ಆ ಯುದ್ಧದಲ್ಲಿ ಮಡಿದ ಭಾರತೀಯರು ಸುಮಾರು 74,000 ಮಂದಿ. ಫ್ರಾನ್ಸಿನ ನವ್ ಶಾಪೆಲ್ ಗ್ರಾಮದಲ್ಲಿ 1927ರಲ್ಲಿ ಎತ್ತಿದ ಸ್ಮಾರಕದ ಮೇಲೆ, ಗೋರಿಯೂ ಇಲ್ಲದೆ ಹೋದ 4,700ಕ್ಕೂ ಮಿಗಿಲಾದ ಯೋಧರ ಹೆಸರುಗಳಿವೆ. ಅವರ ಓಲೆಗಳನ್ನು ಓದುವವರು ಬರೆದ ಸಾಲುಗಳನ್ನು ಓದಿದರೆ ಸಾಲದು. ಮಾತು ನಿಂತ ಗಳಿಗೆಗಳನ್ನೂ ಕೇಳಬೇಕು. ಮನೆಯಲ್ಲಿದ್ದ ತಾಯಂದಿರು ಅದನ್ನು ಕೇಳಿಯೇ ಇದ್ದರು.

ಕಡೆಯದಾಗಿ ಸದ್ಭಕ್ತರಲ್ಲಿ ಒಂದು ವಿಜ್ಞಾಪನೆ. ಸಾವಿನ ಸುದ್ದಿಯ ಕಾಗದವನ್ನು ಓದಿದೊಡನೆ ಹರಿದುಹಾಕುವುದು ನಮ್ಮ ಹಳೆಯ ರೂಢಿ; ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ನಿಮ್ಮ ಮನೆಯ ಹಳೆಯ ತಂತಿಗಳಲ್ಲಿ, ಪೆಟ್ಟಿಗೆಗಳಲ್ಲಿ, ಅಟ್ಟದ ಗಂಟುಗಳಲ್ಲಿ, ದಂಡಿಗೆ ಹೋದವರ, ದೂರದೂರಿಗೆ ದುಡಿಯಲು ಹೋದವರ ಕಾಗದಗಳಿದ್ದರೆ, ರದ್ದಿಯೆಂದು ತೂಕಕ್ಕೆ ಹಾಕಬೇಡಿರಿ, ಒಲೆಗೆ ಒಡ್ಡಬೇಡಿರಿ. ಅವುಗಳನ್ನು ಮಕ್ಕಳಿಂದ ಒಮ್ಮೆ ಗಟ್ಟಿಯಾಗಿ ಓದಿಸಿ, ಬಟ್ಟೆಯಲ್ಲಿ ಕಟ್ಟಿ, ಒಣಗಿದ ಜಾಗದಲ್ಲಿ ಇಡಿರಿ. ಪಂಜಾಬಿನ ರಾವುತನ ಮಾತನ್ನು ಅವನ ಕಾವಲುಗಾರನು ಉಳಿಸಿದನು. ನಮ್ಮವರ ಮಾತನ್ನು ನಾವೇ ಉಳಿಸುವಂತಾಗಲಿ.